ಗಿಡದ ಕೋಣೆಗೆ ಮೊಹರು ಹಾಕಿದವರಿಗೆ

ವಿದ್ಯುತ್ ಪರಿವೀಕ್ಷಣಾ ಕಚೇರಿಯ ಮಾನ್ಯ ಅಧಿಕಾರಿಗಳೇ,

ನೀವು ಬೀಗ ಜಡಿದು ಮೊಹರು ಒತ್ತಿ ಹೋಗಿದ್ದ ನನ್ನ ಅಕ್ಕನ ಮನೆಯ ಕೋಣೆಯಲ್ಲಿ ಒಂದು ಗಿಡವೂ ಉಳಿದಿಲ್ಲ. ಕಳೆದ ವಾರ ನಿಮ್ಮ ಜವಾನ ಬಂದು ಬೀಗ ತೆಗೆದು ನಿಮ್ಮ ಆದೇಶವನ್ನೂ ಕೊಟ್ಟುಹೋದ. 'ಸದರಿ ಕೋಣೆಯ ವಿದ್ಯುತ್ ಜೋಡಣೆಯು ನಿಯಮಾನುಸಾರ ಇರುವುದು ಕಂಡುಬಂದಿದೆ' ಎಂದು ಅದರಲ್ಲಿ ಬರೆದಿದ್ದೀರಿ. ಕಂಡುಬಂದದ್ದಕ್ಕೆ ವಂದನೆಗಳು. ನೀವು ಮೊದಲು ಬಂದ ದಿನವೂ ಅದು ಹಾಗೆಯೇ ಇತ್ತು.

ನನ್ನ ಭಾವ, ಅಂದರೆ ಅಕ್ಕನ ಗಂಡ, ಗಡಿಯಾರ ರಿಪೇರಿ ಮಾಡುತ್ತಿದ್ದರು. ಹಗಲೆಲ್ಲ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರು ಮನೆಗೆ ಬಂದ ಮೇಲೂ ಚಿಮಟ ಕೆಳಗಿಡುತ್ತಿರಲಿಲ್ಲ. ಅದರಲ್ಲೇ ಒಂದು ಆರ್ಕಿಡ್ ಹೂವಿನ ಪರಾಗ ತೆಗೆದು ಇನ್ನೊಂದಕ್ಕೆ ಮುಟ್ಟಿಸುತ್ತಿದ್ದರು. ಹಾಗೆ ಒಂದು ಹಳದಿ ಹೂವಿಗೂ ಒಂದು ಕಡುಗೆಂಪು ಹೂವಿಗೂ ನಂಟು ಬೆಳೆಸಿದರು. ಆ ಬೀಜ ಧೂಳಿಗಿಂತ ಸಣ್ಣದು. ಅದು ಬಾಟಲಿಯಲ್ಲಿ ಮೊಳೆತು, ಕುಂಡಕ್ಕೆ ಬಂದು, ಹೂ ಬಿಡಲು ವರ್ಷಗಳೇ ಬೇಕು. ಮೂರು ಕಡೆ ಎತ್ತರದ ಕಟ್ಟಡಗಳು ಎದ್ದಿರುವ ಆ ಮನೆಗೆ ಬಿಸಿಲು ಬರುವುದಿಲ್ಲ. ಅದಕ್ಕೇ ಹಿಂದುಗಡೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಹಲಗೆ ಜೋಡಿಸಿ, ಗಿಡ ಬೆಳೆಸುವ ದೀಪಗಳನ್ನು ತೂಗುಹಾಕಿದರು. ಯಾವ ಬಣ್ಣ ಬರುತ್ತೆ ಭಾವ ಎಂದು ಕೇಳಿದರೆ, "ಹುಟ್ಟೋ ಮಗು ಯಾರ ಥರ ಇರುತ್ತೆ ಅಂತ ಈಗಲೇ ಹೇಳೋಕಾಗುತ್ತೇನಪ್ಪ? ಬರಲಿ, ನೋಡೋಣ" ಎನ್ನುತ್ತಿದ್ದರು. ನೋಡಲು ಅವರು ಉಳಿಯಲಿಲ್ಲ. ಆ ಗಿಡಗಳನ್ನು ಹೂವಿನವರೆಗೆ ಮುಟ್ಟಿಸುವ ಕೆಲಸವನ್ನು ಅಕ್ಕ ತನ್ನದು ಮಾಡಿಕೊಂಡಳು. ಬೆಳಗ್ಗೆ ಎದ್ದರೆ ಅವಳಿಗೆ ಇದ್ದದ್ದು ಅದೊಂದೇ.

ನಾನು ವೈರಿಂಗ್ ಕೆಲಸದವನು. ಭಾವ ಆ ದೀಪಗಳನ್ನೆಲ್ಲ ಫ್ರಿಜ್ಜಿನ ಸಾಕೆಟ್ಟಿಗೇ ಎಕ್ಸ್‌ಟೆನ್ಷನ್ ಬೋರ್ಡು ಸಿಕ್ಕಿಸಿ ಉರಿಸುತ್ತಿದ್ದರು. ಅವರು ಹೋದ ಮೇಲೆ ಒಂದು ದಿನ ಪ್ಲಗ್ಗು ಕಪ್ಪಗಾಗಿ ಸುಟ್ಟ ವಾಸನೆ ಬಂತು. ಗಿಡದ ದೀಪ ಎಂದರೆ ಹಜಾರದ ದೀಪವಲ್ಲ ಸ್ವಾಮಿ, ಬೆಳಗಿನಿಂದ ರಾತ್ರಿ ಊಟದ ಹೊತ್ತಿನವರೆಗೆ ಪುರುಸೊತ್ತಿಲ್ಲದೆ ಉರಿಯಬೇಕು. ಅಷ್ಟು ಭಾರವನ್ನು ದಿನಾ ಹೊರಲು ಸಾಮಾನ್ಯ ಸಾಕೆಟ್ಟಿಗೆ ಆಗುವುದಿಲ್ಲ. ಹಾಗಾಗಿ ಮುಖ್ಯ ಬೋರ್ಡಿನಿಂದ ನೇರವಾಗಿ ಎರಡು ಹೊಸ ಲೈನು ಎಳೆದೆ, ಒಂದು ದೀಪಗಳಿಗೆ, ಇನ್ನೊಂದು ಫ್ಯಾನಿಗೂ ನೀರು ಸಿಂಪಡಿಸುವ ಪಂಪಿಗೂ. ಪಂಪಿಗೆ ನೀರು ಸೇರಿ ಟ್ರಿಪ್ ಆದರೂ ದೀಪ ಆರಬಾರದಲ್ಲ. ದಪ್ಪ ತಂತಿ, ಎರಡಕ್ಕೂ ಬೇರೆ ಬ್ರೇಕರ್, ಸರಿಯಾದ ಅರ್ಥಿಂಗ್. ಬೋರ್ಡಿನ ಮೇಲೆ 'ಗಿಡದ ದೀಪ', 'ಗಿಡದ ಫ್ಯಾನು, ಪಂಪು' ಎಂದು ದುಂಡಗೆ ಬರೆದು ಅಂಟಿಸಿದೆ. ಆಮೇಲೆ, ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ, ತಪಾಸಣೆ ಮಾಡಿಕೊಡಿ ಎಂದು ನಾನೇ ನಿಮ್ಮನ್ನು ಕರೆದೆ.

ನೀವು ಬಂದಿರಿ. ನೆನಪಿದೆಯೇ? ನನಗಂತೂ ಪ್ರತಿ ಮಾತೂ ನೆನಪಿದೆ.

"ಅಡುಗೆಮನೆಗೇ ಇಲ್ಲದ ಬೇರೆ ಲೈನು ಗಿಡಕ್ಕೆ ಯಾಕ್ರೀ? ಏನು ಬೆಳೀತಿದೀರಿ ಒಳಗೆ?"

"ಹೂವಿನ ಗಿಡ ಸರ್," ಎಂದಳು ಅಕ್ಕ.

"ಹೂವೆಲ್ಲಮ್ಮ?"

"ಇನ್ನೇನು ಬಿಡುತ್ತೆ. ಮೊಗ್ಗು ಬಂದಿದೆ, ನೋಡಿ ಸರ್."

"ಬಿಟ್ಟ ಮೇಲಲ್ವಾ ಹೂವಿನ ಗಿಡ ಅನ್ನೋದು?"

ನಿಮ್ಮ ಜೊತೆ ಬಂದವರು ನಕ್ಕರು. ಬೇರೇನೋ ಬೆಳೆಯುತ್ತಿರುವ ಅನುಮಾನವಿದೆ, ತಜ್ಞರು ಬಂದು ನೋಡುವವರೆಗೆ ಕೋಣೆಗೆ ಮೊಹರು ಎಂದಿರಿ. ಬೋರ್ಡಿನಿಂದ ಎರಡೂ ಲೈನು ಕಿತ್ತಿರಿ. ಹಾಗಾದರೆ ಕುಂಡಗಳನ್ನಾದರೂ ಹೊರಗಿಡುತ್ತೇವೆ ಎಂದರೆ, ಅವು ಸಾಕ್ಷ್ಯ, ಮುಟ್ಟುವಂತಿಲ್ಲ ಎಂದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಕೇಳಿದ್ದೆ. ಇಲ್ಲಿ ಎತ್ತಿಗೆ ಜ್ವರವೂ ಇರಲಿಲ್ಲ. ಅದೇ ಬೆಳಗ್ಗೆ ನೀವು ಪಕ್ಕದ ಮನೆಯನ್ನೂ ನೋಡಿದಿರಿ. ಅಲ್ಲಿ ಒಂದೇ ಸಾಕೆಟ್ಟಿನಲ್ಲಿ ಇಸ್ತ್ರಿ ಪೆಟ್ಟಿಗೆ, ಹೀಟರು, ಮಿಕ್ಸಿ ನೇತಾಡುತ್ತಿವೆ, ವೈರಿನ ಮೇಲೆ ಕಾಲಿಟ್ಟೇ ಒಳಗೆ ಹೋಗಬೇಕು. ಅಲ್ಲಿ ಎಲ್ಲವೂ ಸರಿಯಾಗಿತ್ತು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲವಲ್ಲ! ನಾನೂ ಹಾಗೆ ಕದ್ದುಮುಚ್ಚಿ ಜೋಡಿಸಿದ್ದರೆ ಇವತ್ತು ಆ ಗಿಡಗಳು ಬದುಕಿರುತ್ತಿದ್ದವು ಎಂಬುದನ್ನು ನಾನು ಯಾರಿಗೆ ಹೇಳಲಿ? ಕಾನೂನು ಪಾಲಿಸಿ ಎಂದು ಗೋಡೆಗೋಡೆಗೂ ಬರೆಸುವವರು ನೀವೇ ಅಲ್ಲವೇ?

ಒಂದೂವರೆ ತಿಂಗಳು ನಿಮ್ಮ ಕಚೇರಿಗೆ ಅಲೆದೆ. ಸಾಹೇಬರು ಮೀಟಿಂಗಿನಲ್ಲಿದ್ದರು, ತಜ್ಞರು ರಜೆಯಲ್ಲಿದ್ದರು, ಕಡತ ಮೇಲಿನವರ ಮೇಜಿನಲ್ಲಿತ್ತು. "ಗಿಡ ತಾನೇ ಸ್ವಾಮಿ, ಬೇರೆ ಹಾಕ್ಕೊಂಡ್ರಾಯ್ತು" ಎಂದು ನಿಮ್ಮ ಗುಮಾಸ್ತರೊಬ್ಬರು ಸಮಾಧಾನ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಅಕ್ಕ ಬಾಗಿಲ ಕೆಳಗಿನ ಸಂದಿಗೆ ಒದ್ದೆ ಬಟ್ಟೆ ಒತ್ತಿ ಇಡುತ್ತಿದ್ದಳು, ಒಳಗೆ ಸ್ವಲ್ಪ ತಂಪು ಹೋಗಲಿ ಎಂದು. ಒಂದು ದಿನ ಹೋದರೆ ನೆಲದ ಮೇಲೆ ಮಲಗಿ ಅದೇ ಸಂದಿಯಲ್ಲಿ ಟಾರ್ಚು ಬಿಡುತ್ತಿದ್ದಳು.

"ಏನಕ್ಕ ಇದು?"

"ಕೆಳಗಿನ ಹಲಗೆಗಾದ್ರೂ ಬೆಳಕು ಸಿಗಬಹುದೇನೋ ಅಂತ ಕಣೋ."

ಟಾರ್ಚಿನ ಬೆಳಕಿಗೆ ಗಿಡ ಬದುಕುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಹೊಸ ಸೆಲ್ಲು ತಂದುಕೊಟ್ಟೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ನೀವು ಎಲ್ಲ ಮುಗಿದ ಮೇಲೆ, ಯಾವ ತಜ್ಞರೂ ಬರದೆಯೇ, ಬಾಗಿಲು ತೆಗೆಸಿದಿರಿ. ಮೊದಲು ಒಳಗೆ ಕಾಲಿಟ್ಟವನು ನಾನು. ಗಾಳಿಯಾಡದೆ ಎಲೆಗಳು ಬುಡದಲ್ಲೇ ಕೊಳೆತು ಹಲಗೆಗೆ ಅಂಟಿಕೊಂಡಿದ್ದವು. ವಾಸನೆಗೆ ನಿಮ್ಮ ಜವಾನ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಪಾಪ, "ತಪ್ಪಾಯ್ತಮ್ಮ" ಎಂದ, ತಪ್ಪು ಮಾಡದವನು. ಅಕ್ಕ ಅಳಲಿಲ್ಲ. ಉದುರಿದ ಮೊಗ್ಗುಗಳಲ್ಲಿ ತುಸು ಗಟ್ಟಿಯಿದ್ದುದನ್ನು ಆರಿಸಿ, ಭಾವನ ಚಿಮಟ ತಂದು, ಅಡುಗೆಮನೆಯ ದೀಪದ ಕೆಳಗೆ ಕೂತು ಮೆಲ್ಲಗೆ ಬಿಡಿಸಿದಳು. ಒಳಗೂ ಕಂದು. ಇನ್ನೊಂದನ್ನು ಬಿಡಿಸಿದಳು. ಅದೂ ಕಂದು.

"ಗೊತ್ತಾಗ್ಲಿಲ್ಲ ಕಣೋ," ಎಂದಳು.

ನಿಮ್ಮ ಆದೇಶದಲ್ಲಿ ಅನುಮತಿಯೂ ಇದೆ. ಇನ್ನು ಮುಂದೆ ಆ ಕೋಣೆಯಲ್ಲಿ ಗಿಡಕ್ಕೆಂದೇ ಬೇರೆ ಲೈನು ಇಟ್ಟುಕೊಳ್ಳಬಹುದಂತೆ. ಯಾವ ಗಿಡಕ್ಕೆ ಎಂದು ಅದರಲ್ಲಿ ಬರೆದಿಲ್ಲ.

ಪರಿಹಾರ ಕೇಳಲು ಈ ಪತ್ರ ಬರೆಯುತ್ತಿಲ್ಲ. ಯಾವ ಕಚೇರಿಯ ಉಗ್ರಾಣದಲ್ಲೂ ಅದು ಸಿಗುವುದಿಲ್ಲ. ಒಂದೇ ಒಂದು ನಿಯಮ ಮಾಡಿ. ಯಾರ ಮನೆಯ ಕೋಣೆಗೇ ಆಗಲಿ ಮೊಹರು ಹಾಕಿದ ಅಧಿಕಾರಿಯೇ ಬಂದು ಅದನ್ನು ಒಡೆಯಬೇಕು. ಜವಾನನನ್ನು ಕಳಿಸುವಂತಿಲ್ಲ. ಬಾಗಿಲು ತೆರೆದಾಗ ಮೊದಲು ಒಳಗೆ ಕಾಲಿಡುವವರು ಅವರೇ ಆಗಿರಬೇಕು. ಆಮೇಲೆ ಹೊರಗೆ ಬಂದು, ಹೊಸ್ತಿಲಲ್ಲಿ ಕಾದು ನಿಂತ ಮನೆಯವರಿಗೆ, ಒಳಗೇನಿದೆ ಎಂದು ತಮ್ಮ ಬಾಯಿಂದಲೇ ಹೇಳಬೇಕು.

ಇಂತಿ,
ಆ ಮಾತನ್ನು ನಿಮ್ಮ ಬದಲು ಅಕ್ಕನಿಗೆ ಹೇಳಬೇಕಾಗಿ ಬಂದ
ಒಬ್ಬ ವೈರಿಂಗ್ ಕೆಲಸದವನು