ಬಗ್ಗದೆ ಓದಿದ ಪುಸ್ತಕಗಳು

ಮಾರ್ಚ್ 9, ಶನಿವಾರ
ಒಂಬತ್ತನೆಯದು ಮುಗಿಯಿತು. ವರ್ಷಕ್ಕೆ ಐವತ್ತು ಪುಸ್ತಕ ಅಂತ ಪಕ್ಕದ ಬೀದಿಯ ಚೆಪ್‌ಕೋರಿರ್ ಜೊತೆ ಪಂದ್ಯ ಕಟ್ಟಿದ್ದೇ ತಪ್ಪು. ಅವಳದ್ದು ಆಗಲೇ ಹದಿನಾಲ್ಕು. ನಿಯಮ ಒಂದೇ — ಶನಿವಾರ ಅವಳ ಮನೆಯಲ್ಲಿ ಚಹಾ, ಬಿಸಿಬಿಸಿ ಕರಿದ ಮಂದಾಜಿ, ಓದಿದ್ದರ ಕಥೆ ಪೂರ್ತಿ ಹೇಳಬೇಕು. ಚೆನ್ನಾಗಿಯೇ ಹೇಳುತ್ತಾಳೆ. ಇವತ್ತು ದ್ವೀಪದ ವೈದ್ಯನ ಕಥೆ ಕೇಳಿ ಕಣ್ಣೊರೆಸಿಕೊಂಡೆ. ಆದರೆ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವವಳು ಓದುವುದು ಯಾವಾಗ?

ಏಪ್ರಿಲ್ 27
ಅವಳದ್ದು ಇಪ್ಪತ್ತೆರಡು. ನನ್ನದು ಹದಿನೈದು. ಪುಸ್ತಕ ಎಲ್ಲಿ ಎಂದರೆ ಹಳೇ ಪುಸ್ತಕದವನಿಗೆ ವಾಪಸು ಕೊಟ್ಟೆ ಎನ್ನುತ್ತಾಳೆ. ಪ್ರತಿ ಸಲವೂ... ಮೂವತ್ತು ವರ್ಷ ನಕುರು ಪೇಟೆಯ ತಕ್ಕಡಿ ತಪಾಸಣೆ ಮಾಡಿ ರಿಟೈರ್ ಆದವಳು ನಾನು. ತೂಕದ ಕಲ್ಲಿನ ತಳ ಕೊರೆದವರನ್ನು ಮುಖ ನೋಡಿಯೇ ಹಿಡಿದಿದ್ದೇನೆ. ಇಲ್ಲೂ ಏನೋ ಇದೆ.

ಜೂನ್ 12, ಬುಧವಾರ, ಮಧ್ಯಾಹ್ನ 3
ಗಿಥೈಗನ ಹತ್ತಿರ ಹೋದೆ. ನೆಲದ ಮೇಲೆ ಗೋಣಿತಾಟು ಹಾಸಿ ಹಳೇ ಪುಸ್ತಕ ಹರಡಿರುತ್ತಾನೆ; ಬಗ್ಗಿಯೇ ಆರಿಸಬೇಕು, ಅದಕ್ಕೇ ಬಗ್ಗು ಅಂಗಡಿ ಎಂದು ಹೆಸರು. ಓದಿದ್ದನ್ನು ಕೊಟ್ಟು, ಸ್ವಲ್ಪ ಕಾಸು ಸೇರಿಸಿ, ಬೇರೆಯದು ಒಯ್ಯಬಹುದು. ಚೆಪ್‌ಕೋರಿರ್ ಎಷ್ಟು ಒಯ್ದಳು ಎಂದು ಕೇಳಿದೆ.
"ಆ ಟೈಲರಮ್ಮನಾ? ಅವ್ರು ಬಗ್ಗೋದೇ ಇಲ್ಲಮ್ಮ. ನಿಂತೇ ಮುಖಪುಟ ನೋಡ್ತಾರೆ, ನಗ್ತಾರೆ, ಹೋಗ್ತಾರೆ."
ದ್ವೀಪದ ಪುಸ್ತಕ ಅಲ್ಲೇ ಬಿದ್ದಿತ್ತು. ಕೊಂಡೆ.

ಜೂನ್ 14
ಮುಗಿಸಿದೆ. ವೈದ್ಯನೇ ಇಲ್ಲ. ಮುಖಪುಟದಲ್ಲಿ ಬ್ಯಾಗು ಹಿಡಿದು ನಿಂತವನು ವಿಮೆ ಏಜೆಂಟ್. ಕಥೆಯೂ ಸಪ್ಪೆ. ಹಾಗಾದರೆ ಅವತ್ತು ನಾನು ಅತ್ತದ್ದು ಯಾವುದಕ್ಕೆ? ಮೈ ಉರಿಯುತ್ತಿದೆ.

ಜೂನ್ 15, ಶನಿವಾರ
ಮೂವತ್ತೊಂದನೆಯದರ ಕಥೆ ಶುರುಮಾಡಿದಳು. ದ್ವೀಪದ ಪುಸ್ತಕ ತೆಗೆದು ಮೇಜಿನ ಮೇಲೆ ಹಾಕಿದೆ. ಅವಳ ಮುಖ ಸಣ್ಣಗಾಯಿತು. ಎರಡನೇ ಪುಟಕ್ಕೇ ತೂಕಡಿಕೆ ಬರುತ್ತದಂತೆ. ಒಂದನ್ನೂ ಓದಿಲ್ಲವಂತೆ, ಎಲ್ಲ ಮುಖಪುಟ ನೋಡಿ ತಾನೇ ಕಟ್ಟಿದ ಕಥೆಗಳಂತೆ. ಮತ್ತೆ ಪಂದ್ಯಕ್ಕೆ ಯಾಕೆ ಒಪ್ಪಿದೆ ಎಂದು ಕೇಳಿದೆ.
"ನಿನ್ನ ಗಂಡ ಹೋದ್ಮೇಲೆ ನೀನು ಯಾರ ಮನೆಗೂ ಬರ್ತಿರ್ಲಿಲ್ಲ ಮೊರಾ. ಪುಸ್ತಕ ಅಂದ್ರೆ ಬರ್ತೀಯ ಅಂದ್ಕೊಂಡೆ. ಬಂದೆ ತಾನೆ?"
ಸುಳ್ಳುಬುರುಕಿ ಅಂದೆ. ಚಹಾ ಮುಟ್ಟದೆ ಎದ್ದುಬಂದೆ.

ಜುಲೈ 20
ಇಪ್ಪತ್ತಾರು. ಐದು ವಾರದಲ್ಲಿ ಆರು. ಯಾವುದರ ಕಥೆಯನ್ನೂ ಯಾರಿಗೂ ಹೇಳಿಲ್ಲ, ಅದಕ್ಕೇ ಇರಬೇಕು, ಒಂದೂ ನೆನಪಿಲ್ಲ. ಶನಿವಾರ ಬಂದರೆ ಸಂಕಟ. ಅವಳು ಕರೆಯಲಿಲ್ಲ. ನಿಜವಾಗಿ ನೊಂದಳೋ, ಅದೂ ನಾಟಕವೋ... ಏನೇ ಇರಲಿ, ನನಗೆ ಅವಳು ಬೇಕು. ಇಲ್ಲಿ ಬರೆದುಬಿಟ್ಟೆ.

ಆಗಸ್ಟ್ 10, ಶನಿವಾರ
ಹೋದೆ. ಚೀಲದಲ್ಲಿ ಗಿಥೈಗನಿಂದ ಬೆಳಗ್ಗೆ ಕೊಂಡ ಪುಸ್ತಕ. ಒಂದು ಪುಟವೂ ತೆರೆದಿರಲಿಲ್ಲ. ಬಾಗಿಲಲ್ಲೇ ನಿಂತು, ಇಪ್ಪತ್ತೇಳನೆಯದು ಮುಗಿಯಿತು ಅಂದೆ. ಕಣ್ಣು ಕಿರಿದು ಮಾಡಿ ನೋಡಿದಳು. ಒಳಗೆ ಹೋಗಿ ಚಹಾ ಇಟ್ಟಳು.

ಮುಖಪುಟದಲ್ಲಿ ರೈಲು ನಿಲ್ದಾಣ, ಹಳದಿ ಕೊಡೆ ಹಿಡಿದ ಹೆಂಗಸು. ಗೆಳತಿಯನ್ನು ಬೈದು ಊರು ಬಿಟ್ಟವಳು, ಈಗ ಕ್ಷಮೆ ಕೇಳಲು ಬಂದಿದ್ದಾಳೆ ಅಂತ ಶುರುಮಾಡಿದೆ. ನನ್ನ ಬಾಯಲ್ಲಿ ಇಷ್ಟು ಸುಳ್ಳು ಇತ್ತೆಂದು ನನಗೇ ಗೊತ್ತಿರಲಿಲ್ಲ. ಚೆಪ್‌ಕೋರಿರ್ ಪುಸ್ತಕವನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು. ಅನುಮಾನ ಬಂದಿತ್ತು, ಖಂಡಿತ. ತೆರೆಯದೆ ಕೆಳಗಿಟ್ಟಳು.
"ಗೆಳತಿ ಬಾಗಿಲು ತೆಗೆದ್ಲಾ?"
ತೆಗೆದಳು ಅಂದೆ. ತೆಗೆದು, ಒಳಗೆ ಹೋಗಿ ಚಹಾ ಇಟ್ಟಳು.