ಕೋಟೆಯೊಳಗಿನ ಬಿಲ್ಲುಗಾರ್ತಿ

ಭಾನುವಾರ, ಬೆಳಿಗ್ಗೆ

ತಮ್ಮ ಅಕ್ಕನ ಮನೆ ಸೇರಿಕೊಂಡಿರುವ ನಮ್ಮನೆಯವರಿಗೆ,

ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದಿಲ್ಲ. ಬೆರಳೆಲ್ಲ ನೋಯುತ್ತಿದೆ. ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿದು ನೋವು ಬಂದಿದ್ದರೆ ಸಹಿಸಬಹುದಿತ್ತು. ಇದು ನಿಮ್ಮ ಆಟದಿಂದ ಬಂದದ್ದು.

ಹೌದು, ನೀವು ಬಿಟ್ಟುಹೋದ ಆಟದ ಪೆಟ್ಟಿಗೆಯನ್ನು ಟೀವಿಗೆ ಸಿಕ್ಕಿಸಿ ನಾನೇ ಆಡಿದೆ. ಊಟ ಆರಿಹೋದರೂ ಏಳದಂತೆ ಕೂರುತ್ತಿದ್ದಿರಲ್ಲ, ಅಂಥದ್ದೇನಿದೆ ಅಂತ ನೋಡಬೇಕಿತ್ತು. ಏನೂ ಇಲ್ಲ. ಹಳೇ ಕಾಲದ ಒಬ್ಬ ರಾಜ ಬೆಟ್ಟದೊಳಗೆ ನೂರಾರು ವರ್ಷದಿಂದ ಮಲಗಿದ್ದಾನಂತೆ, ಅವನನ್ನು ಎಬ್ಬಿಸಬೇಕಂತೆ. ಒಬ್ಬ ಗಂಡಸನ್ನು ಎಬ್ಬಿಸಲು ಒಂದು ದಂಡು ಬೇಕೇ? ನಿಮ್ಮನ್ನು ದಿನಾ ನಾನೊಬ್ಬಳೇ ಎಬ್ಬಿಸುತ್ತಿರಲಿಲ್ಲವೇ?

ಚೌಕದಿಂದ ಚೌಕಕ್ಕೆ ಒಬ್ಬೊಬ್ಬರನ್ನೇ ನಡೆಸಬೇಕು. ನಮ್ಮ ಸರದಿ ಆದಮೇಲೆ ಶತ್ರುಗಳ ಸರದಿ. ಅವರು ನಡೆದು ಮುಗಿಸುವಷ್ಟರಲ್ಲಿ ನಾನು ಪಾತ್ರೆ ತೊಳೆದು ಬಂದೆ. ಸೇತುವೆ ಮೇಲೆ ಕುದುರೆಯವನು ಅಡ್ಡ ನಿಂತರೆ ಹಿಂದಿನವರೆಲ್ಲ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಸ್ವಲ್ಪ ಸರಿಯಪ್ಪ ಅನ್ನುವ ಬುದ್ಧಿ ಒಬ್ಬರಿಗೂ ಇಲ್ಲ. ಕಥೆ ಹೇಳುವ ಸಾಲುಗಳು ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಮಾಯ. ಓದಿದಷ್ಟರಲ್ಲೂ ಎಲ್ಲರದೂ ಒಂದೇ ಪಾಠ, ರಾಜ ಏಳಲಿ ಅಂತ.

ದಂಡಿನವರಿಗೆ ನೀವಿಟ್ಟ ಹೆಸರುಗಳನ್ನು ನೋಡಿದೆ. ಗದೆ ಹಿಡಿದವಳು ನಿಮ್ಮಕ್ಕ, ಅದೊಂದು ಸರಿಯಾಗಿದೆ. ಅಡ್ಡ ನಿಲ್ಲುವ ಕುದುರೆಯವನು ನೀವು. ಬಿಲ್ಲು ಹಿಡಿದವಳು ಪಿಸು, ಮೆಲ್ಲಗೆ ಮಾತಾಡುತ್ತೇನೆಂದು ನೀವು ನನ್ನನ್ನು ಕರೆಯುವ ಹೆಸರು. ಒಂದು ಗಳಿಗೆ ಖುಷಿಯಾಯಿತು. ಆಮೇಲೆ ನೋಡಿದರೆ ಪಿಸುವನ್ನು ನೀವು ಒಂದು ಯುದ್ಧಕ್ಕೂ ಕಳಿಸಿಲ್ಲ. ಉಳಿದವರೆಲ್ಲ ಹೊಡೆದಾಡಿ ಪಳಗಿದ್ದಾರೆ. ಅವಳು ಮಾತ್ರ ಮೈಮೇಲೆ ಒಂದು ಗೀರೂ ಇಲ್ಲದೆ ಕೋಟೆಯೊಳಗೆ ನಿಂತಿದ್ದಾಳೆ.

ಈ ಆಟದಲ್ಲಿ ಹೊಡೆದಾಡಿದವರಿಗಷ್ಟೇ ಬಲ ಬರುತ್ತದೆ. ಕೊನೆಯ ಯುದ್ಧಕ್ಕೆ ಎಲ್ಲರೂ ಹೊರಗೆ ಬರಲೇಬೇಕು. ಪಿಸುವೂ ಬಂದಳು. ಒಂದೇ ಏಟಿಗೆ ಸತ್ತಳು. ಸತ್ತವರು ತಿರುಗಿ ಬರುವುದಿಲ್ಲ.

ಆಗ ಬಂತು ನೋಡಿ ನನಗೆ ಸಿಟ್ಟು. ನಿಮ್ಮ ಗ್ಯಾರೇಜಿನ ಕೆಲಸ ಹೋದದ್ದನ್ನು ಯಾಕೆ ಹೇಳಲಿಲ್ಲ ಅಂತ ನಾನು ಕೇಳಿದಾಗ, ನೀನು ಹೆದರುತ್ತೀಯ ಅಂತ ಸುಮ್ಮನಿದ್ದೆ ಅಂದಿರಿ. ನಾನು ಕಟ್ಟಿಕೊಟ್ಟ ಬುತ್ತಿ ಹಿಡಿದು ಹೊರಟು, ಪಾರ್ಕಿನ ಬೆಂಚಿನಲ್ಲಿ ತಿಂದು, ಕೆಲಸ ಮುಗಿಸಿದವರ ಹಾಗೆ ಸುಸ್ತಾಗಿ ಬರುತ್ತಿದ್ದಿರಿ. ನನಗೆ ಗೊತ್ತಾದದ್ದು ಗ್ಯಾರೇಜಿನ ಯಜಮಾನನ ಹೆಂಡತಿಯಿಂದ. ಗಂಡನ ಪ್ಯಾಂಟಿನ ಸೊಂಟ ಬಿಡಿಸಲು ಅಂಗಡಿಗೆ ಬಂದವಳು, ನಿಮ್ಮೋರಿಗೆ ಬೇರೆ ಕಡೆ ಕೆಲಸ ಸಿಕ್ಕಿತಾ ಅಂತ ಎಲ್ಲರೆದುರು ಕೇಳಿದಳು. ಬಾಯಲ್ಲಿದ್ದ ಸೂಜಿ ನುಂಗುವುದೊಂದು ಬಾಕಿ.

ಹೆದರುತ್ತೇನೆ, ನಿಜ. ನಾಲ್ಕು ಜನರ ಮುಂದೆ ಬಾಯಿ ಕಟ್ಟುತ್ತದೆ, ಅದೂ ನಿಜ. ಆದರೂ ಹೆದರಿಕೊಂಡೇ ನಿಮ್ಮ ಪಕ್ಕದಲ್ಲಿ ನಿಂತಿರುತ್ತಿದ್ದೆ. ಹಾಗೆ ನಿಲ್ಲಲೂ ಬಿಡದವರ ಜೊತೆ ಹೇಗೆ ಬಾಳುವುದು? ಇನ್ನುಮುಂದೆ ಕೆಟ್ಟ ಸುದ್ದಿಯಾದರೂ ಮೊದಲು ನನಗೇ ಹೇಳಬೇಕು. ಒಪ್ಪಿಗೆಯಾದರೆ ಮನೆಗೆ ಬನ್ನಿ. ಇಲ್ಲವಾದರೆ ಬರಬೇಡಿ.

ಸಿಟ್ಟಿನಲ್ಲೇ ಇರುವ,
ಪಿಸು

ವಿ.ಸೂ.: ಇದನ್ನು ಅಂಚೆಗೆ ಹಾಕುತ್ತಿಲ್ಲ, ನಿಮ್ಮಕ್ಕನ ಕೈಗೆ ನಾನೇ ಕೊಡುತ್ತೇನೆ. ಒಳಗೆ ಬಾ ಅಂದರೂ ಬರುವುದಿಲ್ಲ, ಗೇಟಿನ ಹೊರಗೇ ನಿಂತಿರುತ್ತೇನೆ. ಬಾಯಲ್ಲಿ ಹೇಳಲು ಹೋದರೆ ಅಳು ಬರುತ್ತದೆಂದು ಬರೆದದ್ದು. ಎರಡೆರಡು ಸಲ ಓದುತ್ತಾ ಕೂರಬೇಡಿ, ಬಿಸಿಲು ಏರುತ್ತಿದೆ.