ಥಂಡಿ ಪೆಟಿಗಿಯ ದೊಡ್ಡ ಫ್ಯಾನು

॥ ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ ॥

ಅಳವಂಡಿ
ಶ್ರಾವಣ ಮಂಗಳವಾರ, ೧೨-೮-೨೦೨೫

ಈಶಪ್ಪನವರಿಗೆ,

ನಿಮ್ಮ ಹೆಸರು ಹಿಡಿದು ಬರೆದಿದ್ದೇನೆ, ನೋಡಿ. ಲಗ್ನವಾಗಿ ಇಪ್ಪತ್ತೆಂಟು ವರ್ಷ, ಈ ಹೆಸರನ್ನು ನಾನು ಬಾಯಲ್ಲಿ ತೆಗೆದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದೆ. ಹುಲಿಗಿಯ ಗುಡಿಯಲ್ಲಿ ಪೂಜಾರಿ ಕೇಳಿದರೆ, "ನಮ್ಮ ಮನಿಯವರ ಹೆಸರಲೆ ಒಂದ್ ಕಾಯಿ ಒಡೀರಿ" ಅನ್ನುತ್ತಿದ್ದೆ. ಅಷ್ಟರಲ್ಲೇ ಅಮ್ಮನಿಗೆ ತಿಳಿಯುತ್ತಿತ್ತು. ಈಗ ಬರೆದುಬಿಟ್ಟೆ.

ನಿನ್ನೆ ಪೋಸ್ಟಿನಲ್ಲಿ ಕಾರಿನ ಆರ್.ಸಿ. ಬಂತು. ಅದರ ಮೇಲೆ ನನ್ನ ಹೆಸರಿದೆ. ಅದು ಕೈಗೆ ಬರುವ ತನಕ ತುಟಿ ಬಿಚ್ಚಬಾರದೆಂದು ಮೂರು ತಿಂಗಳು ಬಾಯಿ ಹೊಲಿದುಕೊಂಡು ಕೂತಿದ್ದೆ. ಇನ್ನು ಹೇಳಲಿಕ್ಕೆ ಅಡ್ಡಿಯಿಲ್ಲ.

ನಾನು ಕಾರಿಗೆ ಮಾಟ ಮಾಡಿಸಿದ್ದೇನೆ ಎಂದು ಕಾರಟಗಿ ತುಂಬ ಹೇಳಿಕೊಂಡು ತಿರುಗುತ್ತಿದ್ದೀರಂತೆ. ಸೀಟಿನ ಕೆಳಗೆ ನಿಂಬೆಹಣ್ಣು ಹುಡುಕಿದಿರಂತೆ, ಟೈರಿನ ಗಾಳಿ ಬಿಟ್ಟು ಕೂಡ ನೋಡಿದಿರಂತೆ. ನಿಂಬೆಹಣ್ಣು ನಾನು ಉಪ್ಪಿನಕಾಯಿಗೆ ಮಾತ್ರ ತರುತ್ತೇನೆ. ನಿಮಗೆ ಆದದ್ದು ಮಾಟದಿಂದಲ್ಲ. ನಿಮಗೆ ಒಂದು ಮಾತಿನ ಅರ್ಥ ಗೊತ್ತಿರಲಿಲ್ಲ, ಅಷ್ಟೇ.

ಆ ಅಂಬಾಸಿಡರ್ ಕಾರನ್ನು ನಮ್ಮಪ್ಪ ಯಂಕೋಬ ತಂದದ್ದು ಬಳ್ಳಾರಿಯಲ್ಲಿ ಡ್ಯೂಟಿ ಮುಗಿಸಿ ಹೊರಟಿದ್ದ ಡೆಹ್ರಾಡೂನ್ ಕಡೆಯ ಸಾಹೇಬರೊಬ್ಬರಿಂದ. ನಮ್ಮ ಕಡೆಯ ಯಾವ ಅಂಬಾಸಿಡರಿನಲ್ಲೂ ಇಲ್ಲದ ಒಂದು ತಗಡಿನ ಪೆಟ್ಟಿಗೆ ಅದರಲ್ಲಿತ್ತು, ಮುಂದಿನ ಸೀಟಿನವರ ಕಾಲ ಹತ್ತಿರ. ಅಪ್ಪ ಅದಕ್ಕೆ ಥಂಡಿ ಪೆಟಿಗಿ ಅನ್ನುತ್ತಿದ್ದರು. ಪುಷ್ಯ ಮಾಸದ ನಸುಕಿನಲ್ಲಿ ಯಾರನ್ನಾದರೂ ಗಂಗಾವತಿಗೆ ಬಿಡಲಿಕ್ಕೆ ಹೊರಟರೆ, ನನ್ನನ್ನು ಮುಂದೆ ಕೂಡಿಸಿಕೊಂಡು ಅದರ ಗುಂಡಿ ತಿರುವುತ್ತಿದ್ದರು. ಬೆಚ್ಚನೆಯ ಗಾಳಿ ಪಾದಕ್ಕೆ ಬಡಿಯುತ್ತಿತ್ತು. ಇಂಜಿನ್ನಿನಲ್ಲಿ ಕಾದ ನೀರು ರಬ್ಬರ್ ಪೈಪಿನಿಂದ ಪೆಟ್ಟಿಗೆಗೆ ಬರುತ್ತದೆ, ಹಿಂದಿನ ಫ್ಯಾನು ಆ ಕಾವನ್ನು ಒಳಗೆ ದೂಡುತ್ತದೆ. ಬಾನೆಟ್ಟಿನ ಕೆಳಗೆ ಆ ನೀರನ್ನು ಬಿಡುವ, ತಡೆಯುವ ಒಂದು ನಲ್ಲಿ ಇರುತ್ತದೆ. ಶಿವರಾತ್ರಿಗೆ ಅಪ್ಪ ಅದನ್ನು ಮುಚ್ಚುತ್ತಿದ್ದರು, ದೀಪಾವಳಿ ಕಳೆದ ಮೇಲೆ ತೆರೆಯುತ್ತಿದ್ದರು.

ಥಂಡಿ ಕೋಟು ಅಂದರೆ ಮೈ ತಣ್ಣಗೆ ಮಾಡುವ ಕೋಟೇ? ಥಂಡಿಯಲ್ಲಿ ತೊಡುವ ಕೋಟು. ಥಂಡಿ ಪೆಟಿಗಿಯೂ ಹಾಗೇ, ಥಂಡಿಯಲ್ಲಿ ಹಚ್ಚುವ ಪೆಟಿಗಿ. ನಾವು ಲಗ್ನವಾಗುವ ಮೊದಲೇ ಅದರ ಮೋಟರು ಸುಟ್ಟಿತ್ತು. ಅಪ್ಪ ನಸುಕಿನ ಬಾಡಿಗೆ ಹೊಡೆಯುವುದನ್ನು ನಿಲ್ಲಿಸಿದ್ದರಿಂದ ಅದರ ಗೋಜಿಗೆ ಹೋಗಲಿಲ್ಲ. ಹೆಸರು ಮಾತ್ರ ಉಳಿಯಿತು. ನೀವು ಆ ಹೆಸರನ್ನು ಕೇಳಿಸಿಕೊಂಡಿರಿ, ಬಾನೆಟ್ಟು ಎತ್ತಿ ಒಮ್ಮೆಯೂ ನೋಡಲಿಲ್ಲ. ಅಳಿಯನೂ ಮಗನೂ ಒಂದೇ ಎಂದು ಅಪ್ಪ ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಿದ ದಿನವೂ ನೀವು ನೋಡಿದ್ದು ಹಾರ್ನು ಎಷ್ಟು ಜೋರಾಗಿದೆ ಎಂದು.

ಮಕ್ಕಳಾಗಲಿಲ್ಲ ಎಂಬ ನೆಪ ಹಿಡಿದು ಕಾರಟಗಿಗೆ, ಭವಾನಿಯ ಮನೆಗೆ ಹೋದಿರಿ, ಅದನ್ನು ನುಂಗಿಕೊಂಡೆ. ಕಾರನ್ನೂ ತೆಗೆದುಕೊಂಡು ಹೋದಿರಿ, ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಒಂದಿದೆ. ಎರಡು ವರ್ಷದ ಹಿಂದೆ, ವೈಶಾಖದ ಮಟಮಟ ಮಧ್ಯಾಹ್ನ, ಅಪ್ಪನಿಗೆ ಉಸಿರು ಹತ್ತಿತು. ಕೊಪ್ಪಳಕ್ಕೆ ಒಯ್ಯಬೇಕು, ಗಾಡಿ ತರ್ರಿ ಎಂದು ಫೋನು ಮಾಡಿದೆ. ನೀವು ಆ ಹೊತ್ತು ಕೊಪ್ಪಳದಲ್ಲೇ ಇದ್ದಿರಿ, ಭವಾನಿಗೆ ಸೀರೆ ಕೊಡಿಸುತ್ತಿದ್ದಿರಿ. ಏನಂದಿರಿ, ನೆನಪಿದೆಯೇ? "ಬಿಸಲಾಗ ಇಂಜಿನ್ ಕಾಯ್ತೈತಿ. ಹೊಸಾ ಬಣ್ಣ ಬ್ಯಾರೆ ಹೊಡಿಸೇನಿ. ಒಂದು ಟಂಟಂ ಮಾಡ್ಕೊಂಡು ಬಾ."

ಮೂರು ಗಾಲಿಯ ಟಂಟಂ ಮಾಡಿಕೊಂಡು ಹೋದೆ. ಊರಿನ ಎಷ್ಟೋ ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸಿದ ಮನುಷ್ಯ ಟಂಟಂನ ಕಬ್ಬಿಣದ ಸರಳಿಗೆ ತಲೆ ಆನಿಸಿಕೊಂಡು, ಬಿಸಿಗಾಳಿ ಮುಖಕ್ಕೆ ಹೊಡೆಸಿಕೊಳ್ಳುತ್ತ ಹೋದ. ದಾರಿಯಲ್ಲಿ ಒಮ್ಮೆ ಕಣ್ಣು ಬಿಟ್ಟು, "ಯಮನೂರಿ, ನಮ್ಮ ಗಾಡಿ ಯಾಕ ಇಷ್ಟ ಕುಣಿತೈತಿ?" ಅಂದ. ನಮ್ಮ ಗಾಡಿ ಅಲ್ಲ ಎನ್ನದೆ, ಹೌದಪ್ಪಾ, ರಸ್ತೆ ಕೆಟ್ಟೈತಿ ಎಂದೆ. ಮೂರನೆಯ ದಿನ ಆಸ್ಪತ್ರೆಯಲ್ಲೇ ಹೋದ. ಆವತ್ತೇ ಹುಲಿಗೆಮ್ಮನಿಗೆ ಹರಕೆ ಹೊತ್ತೆ. ತಾಯಿ, ಗಂಡ ತಿರುಗಿ ಬರುವುದು ಬೇಡ, ಅಪ್ಪನ ಗಾಡಿ ಬರಲಿ. ಅದು ಬರುವ ತನಕ ಕಾಲಲ್ಲಿ ಚಪ್ಪಲಿ ಹಾಕುವುದಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಹಾಜಿಸಾಬ ಕಾಕಾ ಫೋನು ಮಾಡಿದರು. ಅಪ್ಪನ ಗಾಡಿಗೆ ಕೊಪ್ಪಳದಲ್ಲಿ ಅವರನ್ನು ಬಿಟ್ಟು ಬೇರೆ ಮೆಕ್ಯಾನಿಕ್ ಕೈ ಹಚ್ಚಿದ್ದಿಲ್ಲ. ನೀವೂ ಅವರ ಗ್ಯಾರೇಜಿಗೇ ಬಿಟ್ಟು ಹೋಗಿದ್ದಿರಿ. "ಯವ್ವಾ, ನಿನ್ನ ಗಂಡಗ ಏನಾಗೇತಿ? ಥಂಡಿ ಪೆಟಿಗಿಗೆ ದೊಡ್ಡ ಫ್ಯಾನ್ ಹಾಕು ಅಂತಾನ, ಈ ಬಿಸಲಾಗ. ಅದು ಅಂಥಾದ್ದಲ್ಲೋ ಮಾರಾಯಾ ಅನ್ನಾಕ ಹ್ವಾದ್ರ, ಹೇಳಿದ್ದಷ್ಟ ಮಾಡು, ನನಗ ಕಲಸಬ್ಯಾಡ ಅಂದ. ಹೊಸಾ ಕಾರಿನ್ಯಾಗ ಇರೂ ಎ.ಸಿ. ನಮ್ಮದರಾಗ ಆಗಿನ ಕಾಲಕ್ಕ ಇತ್ತು ಅಂತ ಜಂಬಾ ಬ್ಯಾರೆ. ಏನ್ ಮಾಡ್ಲಿ? ತಿಳಿಸಿ ಹೇಳ್ಲ್ಯಾ?"

ನಾನು, "ಕಾಕಾ, ಅವರು ಹೇಳಿದ್ದು ಮಾಡ್ರಿ. ಛಲೋತ್ನಂಗ ಮಾಡ್ರಿ" ಎಂದೆ. ಸುಳ್ಳು ಹೇಳಿದೆನೇ? ಇಲ್ಲ. ಕೇಳದವರಿಗೆ ಹೇಳಲಿಲ್ಲ, ಅಷ್ಟೇ.

ಮರುದಿನ ಮೊದಲನೆಯ ಬಸ್ಸಿಗೆ ಕೊಪ್ಪಳಕ್ಕೆ ಹೋಗಿ ಕೆಲಸ ಮುಗಿಯುವ ತನಕ ಗ್ಯಾರೇಜಿನಲ್ಲಿ ಕೂತಿದ್ದೆ. ಹಳೆಯ ಫ್ಯಾನಿಗೆ ನಾಲ್ಕೇ ತಗಡಿನ ಎಲೆ. ಚಾಲೂ ಇದ್ದಾಗಲೂ ದುಂಬಿಯಂತೆ ಗುಂಯ್ ಅನ್ನುತ್ತಿತ್ತು, ಗಾಳಿ ಅಷ್ಟಕ್ಕಷ್ಟೇ. ಕಾಕಾ ಅದನ್ನು ಕಿತ್ತು, ಗುಜರಿಗೆ ಹೋದ ಒಂದು ವ್ಯಾನಿನ ಬ್ಲೋವರ್ ತಂದಿದ್ದರು. ಸುತ್ತ ಸಣ್ಣ ಸಣ್ಣ ಎಲೆಗಳಿರುವ ಗಾಲಿಯಂಥದ್ದು. ಅದು ಕೂಡಲೆಂದು ಪೆಟ್ಟಿಗೆಯ ಬಾಯಿ ಕೊರೆದು ಅಗಲ ಮಾಡಿದರು. ಹಳೆಯ ವೈರು ಇಷ್ಟು ಕರೆಂಟು ತಡೆಯುವುದಿಲ್ಲವೆಂದು ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದು, ನಡುವೆ ಫ್ಯೂಸು ಕೂಡಿಸಿದರು. ಪೈಪು ಹೊಸದು, ನಲ್ಲಿಯೂ ಹೊಸದು. ನಾನು ಬ್ಯಾಟರಿ ಲೈಟು ಹಿಡಿದುಕೊಂಡು ನಿಂತಿದ್ದೆ, ಅಪ್ಪನಿಗೆ ಹಿಡಿಯುತ್ತಿದ್ದಂತೆ. ಗುಂಡಿ ತಿರುವಿದಾಗ ಮುಂದಿನ ಸೀಟಿನ ಮೇಲಿದ್ದ ಪೇಪರು ಹಿಂದಿನ ಸೀಟಿಗೆ ಹಾರಿತು. ಕಾಕಾ ನಕ್ಕರು. ನಾನು ನಗಲಿಲ್ಲ. ನನಗೆ ಸರಳಿಗೆ ಆನಿಸಿದ ಅಪ್ಪನ ತಲೆ ಕಾಣುತ್ತಿತ್ತು.

ಮುಂದಿನದು ನಿಮಗೆ ಗೊತ್ತಿದೆ. ಆದರೆ ನನಗೆ ಎಷ್ಟು ಗೊತ್ತಿದೆ ಎಂಬುದು ನಿಮಗೆ ಗೊತ್ತಾಗಲಿ.

ಕುಷ್ಟಗಿಯಲ್ಲಿ ಯಾರದೋ ಲಗ್ನ. ರೈಸ್ ಮಿಲ್ಲಿನ ಮಾಲಕ ರುದ್ರೇಶಪ್ಪನವರನ್ನು ನಿಮ್ಮ ಕಾರಿನಲ್ಲೇ ಕರೆದೊಯ್ಯುವುದು, ಹೋಗಿ ಬರುವುದರೊಳಗೆ ಸೊಸೈಟಿಯ ಅಧ್ಯಕ್ಷಗಿರಿಯ ಮಾತು ತೆಗೆಯುವುದು, ಇದು ನಿಮ್ಮ ಲೆಕ್ಕಾಚಾರ. ಅವರನ್ನು ಮುಂದೆ, ಪೆಟಿಗಿಯ ಎದುರಿಗೇ ಕೂಡಿಸಿದಿರಿ. ಭವಾನಿ ಹಿಂದೆ, ರೇಷ್ಮೆ ಸೀರೆಯಲ್ಲಿ. ಗಂಗಾವತಿ ದಾಟುವ ತನಕ ಗಾಜು ಇಳಿಸಿಕೊಂಡು ಬಂದು, ಬಿಸಿಲೇರಿದ ಮೇಲೆ ನಾಲ್ಕೂ ಗಾಜು ಏರಿಸಿ, "ಈಗ ನೋಡ್ರಿ ನಮ್ಮ ಗಾಡಿ ಮಜಾ" ಎಂದು ಗುಂಡಿ ತಿರುವಿದಿರಂತೆ. ಬಿಸಿ ಗಾಳಿ ಬಂತು. "ಶುರುವಿಗೆ ಹಂಗ ಬರತೈತ್ರಿ, ಆಮ್ಯಾಲೆ ಥಂಡಿ ಆಗತೈತಿ" ಅಂದಿರಂತೆ. ಥಂಡಿ ಆಗಲಿಲ್ಲ. ಫ್ಯಾನು ಇನ್ನೂ ಜೋರು ಮಾಡಿದಿರಿ. ಭವಾನಿ ಗಾಜು ಇಳಿಸಲು ಹೋದರೆ, "ಇಳಸಬ್ಯಾಡ, ಥಂಡಿ ಎಲ್ಲಾ ಹೊರಗ ಹೊಕ್ಕೈತಿ" ಎಂದು ಗದರಿದಿರಿ.

ಕನಕಗಿರಿ ದಾಟುವಷ್ಟರಲ್ಲಿ ರುದ್ರೇಶಪ್ಪನವರ ತಲೆಗೂ ಮೀಸೆಗೂ ಹಚ್ಚಿದ ಕಪ್ಪು ಕರಗಿ ಬಿಳಿ ಅಂಗಿಯ ಮೇಲೆ ಇಳಿದಿತ್ತು. ಅವರು ಸ್ಟೇರಿಂಗಿಗೇ ಕೈ ಹಾಕಿ ಗಾಡಿ ನಿಲ್ಲಿಸಿದರಂತೆ. "ಏ ಈಶಪ್ಪಾ, ಭತ್ತಾ ಕುದಸಾಕ ನನ್ನ ಮಿಲ್ಲಿನ್ಯಾಗ ಬಾಯ್ಲರ್ ಐತಿ. ನನ್ನ ಯಾಕ ಇಲ್ಲಿ ಕುದಸಾಕತ್ತಿ? ಅಧ್ಯಕ್ಷ ಆಗಾಂವ ನೀನು? ಮೊದಲ ಒಂದು ಗಾಡಿ ನೆಟ್ಟಗ ಇಟಗೋ" ಎಂದು ಇಳಿದು, ಹಿಂದೆ ಬಂದ ಬಸ್ಸಿಗೆ ಕೈ ಮಾಡಿದರು. ಭವಾನಿಯೂ ಇಳಿದಳು. "ನೀನೂ ನಿನ್ನ ಡಬ್ಬಿನೂ" ಅಂದಳಂತೆ. ಅಷ್ಟೇ ಅಂದಳಂತೆ. ಅದೇ ಬಸ್ಸು ಹತ್ತಿದಳು.

ಹುಲಿಹೈದರದ ಕಡೆಯ ಆ ರಸ್ತೆಯಲ್ಲಿ ಒಂದು ಗಿಡದ ನೆರಳೂ ಇಲ್ಲ. ಮತ್ತೆ ಗಾಡಿ ಹತ್ತಲು ಹೆದರಿ, ಫೋನು ಮಾಡಿ ಕರೆಸಿದ ಕಾಕಾ ಕೊಪ್ಪಳದಿಂದ ಬರುವ ತನಕ ನೀವು ಕಾರಿನ ಮಗ್ಗಲಿಗೆ ಮಣ್ಣಿನಲ್ಲಿ ಕೂತಿದ್ದಿರಂತೆ, ತಲೆಯ ಮೇಲೆ ಟವೆಲು ಹಾಕಿಕೊಂಡು. ಕಾಕಾ ಇದನ್ನು ಹೇಳಿದಾಗ, ಕುಡಿಯಲಿಕ್ಕೆ ನೀರಿತ್ತೇ ಎಂದು ಕೇಳಿಬಿಟ್ಟೆ. ಯಾಕೆ ಕೇಳಿದೆನೋ. ಇಷ್ಟು ವರ್ಷದ ಚಟ ಇರಬೇಕು. ನನ್ನ ಅಪ್ಪನಿಗೆ ನೀರಿತ್ತೇ ಎಂದು ನೀವು ಕೇಳಿದ್ದಿಲ್ಲ.

ಕಾಕಾ ಬಾನೆಟ್ಟು ಎತ್ತಿ ನೋಡಿ, ಏನೂ ಹೇಳದೆ ಇಳಿಸಿದರು. "ಆಕಿ ಏನೋ ಮಾಡಿಸ್ಯಾಳ, ಹಾಜಿಸಾಬ. ಆಕಿ ದೇವರು ಭಾಳ ಕೆಟ್ಟಾಕಿ. ಬರಿಗಾಲಿಲೆ ಹುಲಿಗಿಗೆ ಅಡ್ಡಾಡತಾಳಂತ" ಅಂದಿರಂತೆ ನೀವು. ನಮ್ಮ ಹುಲಿಗೆಮ್ಮನನ್ನು ಕೆಟ್ಟವಳು ಅಂದಿರಿ. ಆಕೆ ಕೇಳಿಸಿಕೊಂಡಿದ್ದಾಳೆ, ನಾನು ನೆನಪಿಸಬೇಕಾಗಿಲ್ಲ. ಆಗ ಕಾಕಾ, "ಬಿಡೂದಾದ್ರ ಆಕಿ ಹೆಸರಿಗೇ ಬರದು ಬಿಡಪಾ. ಬ್ಯಾರೇದವರಿಗೆ ಕೊಟ್ರೂ ನಿನ್ನ ಬೆನ್ನು ಬಿಡೂದಿಲ್ಲ" ಎಂದರು. ಹಾಗೆ ಹೇಳಿ ಎಂದು ನಾನು ಹೇಳಿಕೊಟ್ಟಿರಲಿಲ್ಲ. ನೀವು ಮರುದಿನವೇ ಆರ್.ಟಿ.ಓ. ಏಜೆಂಟನ ಹತ್ತಿರ ಹೋಗಿ, ಅವನು ತೋರಿಸಿದಲ್ಲೆಲ್ಲ ಸಹಿ ಹಾಕಿದಿರಿ. ಲಗ್ನದಲ್ಲಿ ಅಕ್ಕಿಕಾಳು ಹಾಕುವಾಗಲೂ ನಿಮಗೆ ಅಷ್ಟು ಅವಸರ ಇರಲಿಲ್ಲ.

ಹೀಗೆ, ನನ್ನ ಮೇಲೆ ತಪ್ಪೇನಿದೆ ಹೇಳಿ. ಫ್ಯಾನು ಬೇಕೆಂದವರು ನೀವು. ಗಾಜು ಏರಿಸಿದವರು ನೀವು. ನಲ್ಲಿ ತೆರೆದಿದೆಯೋ ಮುಚ್ಚಿದೆಯೋ ನೋಡುವುದು ಗಾಡಿ ಹೊಡೆಯುವವನ ಕೆಲಸ. ನಾನು ಸುಮ್ಮನಿದ್ದವಳು. ನಿಮ್ಮ ಮನೆಯಲ್ಲಿ ಇಷ್ಟು ವರ್ಷ ಸುಮ್ಮನಿದ್ದೆನಲ್ಲ, ಆಗ ಅದನ್ನು ಛಲೋ ಗುಣ ಅನ್ನುತ್ತಿದ್ದಿರಿ.

ಈ ಪತ್ರವನ್ನು ನೀವು ಯಾರಿಗೂ ತೋರಿಸಲಾರಿರಿ. ತೋರಿಸಿದರೆ ಹೀಟರು ಹಚ್ಚಿಕೊಂಡು ಎ.ಸಿ. ಅಂದವರು ಎಂದಾಗುತ್ತದೆ. ತೋರಿಸದಿದ್ದರೆ ಹೆಂಡತಿಯ ಮಾಟಕ್ಕೆ ಹೆದರಿ ಗಾಡಿ ಬಿಟ್ಟವರು ಎಂದು ಉಳಿಯುತ್ತದೆ. ಎರಡರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಿ. ಸಂಸಾರದಲ್ಲಿ ನನಗೆ ಆರಿಸಲಿಕ್ಕೆ ನೀವು ಒಂದನ್ನೂ ಇಟ್ಟಿರಲಿಲ್ಲ.

ಗಾಡಿ ಈಗ ನಮ್ಮ ಅಂಗಳದಲ್ಲಿದೆ. ಇವತ್ತು ಹುಲಿಗಿಗೆ ಅದರಲ್ಲೇ ಹೋಗಿ ಬಂದೆ, ದೊಡ್ಡಪ್ಪನ ಮೊಮ್ಮಗ ಕೊಟ್ರೇಶ ಗಾಡಿ ಹೊಡೆದ. ಊರಲ್ಲಿ ಯಾರಿಗೆ ಆರಾಮ ಇಲ್ಲದಿದ್ದರೂ ಬಂದು ಕೇಳಿರಿ, ಬಿಸಿಲಿರಲಿ ಮಳೆಯಿರಲಿ ಗಾಡಿ ಹೊರಡುತ್ತದೆ ಎಂದು ಓಣಿಯಲ್ಲಿ ಹೇಳಿಟ್ಟಿದ್ದೇನೆ.

ಇನ್ನು ನಿಮ್ಮ ಹೆಂಡತಿ ಎಂದು ಸಹಿ ಹಾಕುವುದಿಲ್ಲ.

ಯಂಕೋಬನ ಮಗಳು,
ಯಮನೂರಮ್ಮ

ತಾ.ಕ.: ಮೇಲೆ ಸುಮ್ಮನಿದ್ದೆ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಶ್ರಾವಣ ಮಂಗಳವಾರ, ಅಮ್ಮನ ಹೆಸರು ಹಾಕಿದ ಕಾಗದ, ಹಾಗೇ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಕಾಕಾ ಧರ್ಮಿಷ್ಠರು. ಬೇಸಿಗೆ ಎಂದು ಆ ನಲ್ಲಿಯನ್ನು ಬಿಗಿಯಾಗಿ ಮುಚ್ಚಿಯೇ ಇಟ್ಟಿದ್ದರು. ಅವರು ಮಧ್ಯಾಹ್ನದ ನಮಾಜಿಗೆ ಹೋದಾಗ ಬಾನೆಟ್ಟು ಎತ್ತಿ, ಪಕ್ಕಡದಿಂದ ತಿರುವಿ, ಅದನ್ನು ಪೂರ್ತಿ ತೆರೆದವಳು ನಾನು. ಅಮ್ಮನ ಮುಂದೆ ಇವತ್ತು ಒಪ್ಪಿಕೊಂಡೆ. ಪಶ್ಚಾತ್ತಾಪ ಕೊಡು ಎಂದೂ ಬೇಡಿಕೊಂಡೆ, ಆಕೆ ಇನ್ನೂ ಕೊಟ್ಟಿಲ್ಲ. ನಿಮಗೂ ಮುಂದೊಂದು ದಿನ ಉಸಿರು ಹತ್ತಿ, ಕರೆದೊಯ್ಯುವವರು ಯಾರೂ ಇಲ್ಲದಿದ್ದರೆ ಫೋನು ಮಾಡಿ. ಬಿಸಿಲು ಎನ್ನುವುದಿಲ್ಲ, ಗಾಡಿ ಕಳಿಸುತ್ತೇನೆ. ನಲ್ಲಿಯ ವಿಷಯ ಮಾತ್ರ ಈಗಲೇ ಮಾತು ಕೊಡಲಾರೆ.